ಎಣಿಸಿ, ಆಮೇಲೆ ಬಿಚ್ಚಿ



ಕಂಪನಿಯಿಂದ ಬಂದ ಕಾರನ್ನು ಬಂದ ಹಾಗೆಯೇ ಇಟ್ಟುಕೊಳ್ಳಲು ಎಲ್ಲರಿಗೂ ಮನಸ್ಸು ಒಪ್ಪುವುದಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಅಲಾಯ್ ವೀಲ್, ಅಗಲ ಟೈರು, ಸೈಲೆನ್ಸರುಗಳ ಅಂಗಡಿಗಳು ಸಾಲುಗಟ್ಟಿರುವುದು ಅದಕ್ಕೇ. ಕೊಡಗು, ಸಕಲೇಶಪುರ, ಮೂಡಿಗೆರೆಯ ಕಡೆ ಜೀಪು, ಜಿಪ್ಸಿಗಳನ್ನು ಮೂರು ನಾಲ್ಕು ಇಂಚು ಎತ್ತರಿಸಿ ದಪ್ಪ ಟೈರು ಹಾಕಿಸುವ ರೂಢಿಯೂ ಹೊಸದಲ್ಲ. ಹೀಗೆ ಮಾರ್ಪಾಡಾದ ಗಾಡಿಗಳಲ್ಲಿ ಕೆಲವಕ್ಕೆ ಬಿಡದ ನಡುಕವೊಂದು ಅಂಟಿಕೊಳ್ಳುತ್ತದೆ. ಗಂಟೆಗೆ ಎಂಬತ್ತು ಕಿಲೋಮೀಟರಿನ ಆಸುಪಾಸಿನಲ್ಲಿ ಸ್ಟೀರಿಂಗ್ ಅದುರುತ್ತದೆ, ಇಲ್ಲವೆ ಸೀಟಿನಡಿಯಿಂದ ಗುಂಯ್ ಎಂಬ ಸದ್ದು ಏಳುತ್ತದೆ. ಮಾಲೀಕರು ಮೊದಲು ವೀಲ್ ಬ್ಯಾಲೆನ್ಸಿಂಗ್ ಮಾಡಿಸುತ್ತಾರೆ, ಹೋಗುವುದಿಲ್ಲ. ಆಮೇಲೆ ಅಲೈನ್‌ಮೆಂಟ್, ಬುಷ್, ಬೇರಿಂಗ್, ಶಾಕ್ ಅಬ್ಸಾರ್ಬರ್, ಎಂಜಿನ್ ಮೌಂಟಿಂಗ್ ಎಂದು ಒಂದೊಂದೇ ಹೊಸದಾಗುತ್ತ ಹೋಗುತ್ತದೆ. ಬಿಲ್ಲು ಬೆಳೆಯುತ್ತದೆ, ನಡುಕ ಇದ್ದಲ್ಲೇ ಇರುತ್ತದೆ. ಇವತ್ತು ನಾನು ಹೇಳಹೊರಟಿರುವುದು ಇಷ್ಟು: ಇಂಥ ನಡುಕವನ್ನು ಭಾಗ ಬದಲಿಸಿ ಹುಡುಕಬಾರದು, ಎಣಿಸಿ ಹುಡುಕಬೇಕು. ಏಕೆಂದರೆ ಮಾರ್ಪಾಡಾದ ಗಾಡಿಯಲ್ಲಿ ಬಹಳ ಸಲ ಯಾವ ಭಾಗವೂ ಕೆಟ್ಟಿರುವುದಿಲ್ಲ. ಎರಡು ಒಳ್ಳೆಯ ಭಾಗಗಳ ನಡುವಿನ ಹೊಂದಾಣಿಕೆ ಕೆಟ್ಟಿರುತ್ತದೆ. ಹೊಂದಾಣಿಕೆಯನ್ನು ಅಂಗಡಿಯಿಂದ ಹೊಸದಾಗಿ ತರಲು ಬರುವುದಿಲ್ಲ.

ಎಣಿಸುವುದೆಂದರೆ ಏನನ್ನು? ರಸ್ತೆ ನುಣುಪಾಗಿದ್ದೂ ಗಾಡಿ ಒಂದೇ ಸಮನೆ ನಡುಗಿದರೆ, ಅದರಲ್ಲಿ ಸುತ್ತುತ್ತಿರುವ ಯಾವುದೋ ಒಂದು ವಸ್ತು ಪ್ರತಿ ಸುತ್ತಿಗೂ ಗಾಡಿಯನ್ನು ಒದೆಯುತ್ತಿದೆ ಎಂದೇ ಅರ್ಥ. ಸುತ್ತುವ ಪ್ರತಿಯೊಂದಕ್ಕೂ ತನ್ನದೇ ವೇಗವಿದೆ. 185/65 ಆರ್15 ಅಳತೆಯ ಟೈರು ಒಂದು ಸುತ್ತಿಗೆ ಸುಮಾರು 1.9 ಮೀಟರ್ ಉರುಳುತ್ತದೆ. ಗಂಟೆಗೆ 80 ಕಿಲೋಮೀಟರ್ ಎಂದರೆ ಸೆಕೆಂಡಿಗೆ 22 ಮೀಟರಿಗೆ ಸ್ವಲ್ಪ ಹೆಚ್ಚು. ಭಾಗಿಸಿದರೆ ಚಕ್ರ ಸೆಕೆಂಡಿಗೆ ಹೆಚ್ಚುಕಡಿಮೆ 12 ಸುತ್ತು ಹಾಕುತ್ತದೆ. ಅದೇ ವೇಗದಲ್ಲಿ ಎಂಜಿನ್ ನಿಮಿಷಕ್ಕೆ 2400 ಸುತ್ತುತ್ತಿದ್ದರೆ ಸೆಕೆಂಡಿಗೆ 40 ಆಯಿತು. ನಾಲ್ಕು ಸಿಲಿಂಡರಿನ ಎಂಜಿನ್ನಿನಲ್ಲಿ ಒಂದು ಸುತ್ತಿಗೆ ಎರಡು ಸಿಡಿತ, ಆದ್ದರಿಂದ ಅದರ ಮಿಡಿತ ಸೆಕೆಂಡಿಗೆ 80. ಮುಂಚಕ್ರಕ್ಕೆ ಶಕ್ತಿ ಒಯ್ಯುವ ಡ್ರೈವ್ ಶಾಫ್ಟಿನ ಒಳತುದಿಯಲ್ಲಿ ಮೂರು ಉರುಳೆಗಳ ಜಾಯಿಂಟು ಇರುವ ಕಾರುಗಳುಂಟು. ಅದು ಸವೆದಿದ್ದರೆ ಒಂದು ಸುತ್ತಿಗೆ ಮೂರು ಏಟು, ಸೆಕೆಂಡಿಗೆ 36. ಹನ್ನೆರಡು, ಮೂವತ್ತಾರು, ನಲವತ್ತು, ಎಂಬತ್ತು. ನಡುಕದ ಎಣಿಕೆ ಇವುಗಳಲ್ಲಿ ಯಾವುದಕ್ಕೆ ಕೂಡುತ್ತದೋ ಅಲ್ಲಿಗೆ ಹುಡುಕಾಟ ಅರ್ಧ ಮುಗಿಯಿತು. ಎಣಿಕೆ ಹನ್ನೆರಡಾಗಿದ್ದರೆ ಎಂಜಿನ್ ಮೌಂಟಿಂಗಿಗೆ ಕೈ ಹಾಕಲು ಕಾರಣವೇ ಇಲ್ಲ. ಎಂಬತ್ತಾಗಿದ್ದರೆ ಚಕ್ರಗಳ ತಂಟೆಗೆ ಹೋಗಬೇಕಿಲ್ಲ.

ಸೆಕೆಂಡಿಗೆ ಹನ್ನೆರಡನ್ನು ಮನುಷ್ಯ ಎಣಿಸುವುದುಂಟೆ ಎಂದು ನೀವು ಕೇಳಬಹುದು. ಉಪಕರಣವಿಲ್ಲದೆಯೂ ಒಂದಷ್ಟು ದೂರ ಹೋಗಬಹುದು. ಸೆಕೆಂಡಿಗೆ ಹತ್ತು ಹದಿನೈದರ ನಡುಕ ಕೈಗೆ ಬಿಡಿಬಿಡಿಯಾಗಿ ತಾಗುತ್ತದೆ, ಸ್ಟೀರಿಂಗ್ ಕಣ್ಣಿಗೆ ಕಾಣುವಂತೆ ಅಲುಗುತ್ತದೆ. ಇಪ್ಪತ್ತು ದಾಟಿದರೆ ಏಟುಗಳು ಬೆಸೆದುಕೊಂಡು ಜುಮ್ಮೆನ್ನಿಸುತ್ತವೆ. ಐವತ್ತರ ಹತ್ತಿರ ಕೈಗಿಂತ ಕಿವಿಗೇ ಹೆಚ್ಚು ಗೊತ್ತಾಗುತ್ತದೆ. ನಿಖರವಾಗಿ ಬೇಕೆಂದರೆ ಈಗಿನ ಮೊಬೈಲ್ ಫೋನಿನೊಳಗೆ ಅಲುಗಾಟ ಅಳೆಯುವ ಸಂವೇದಕವಿದೆ; ಅದರ ಅಂಕಿಗಳನ್ನು ಆವರ್ತನದ ನಕ್ಷೆಯಾಗಿ ತೋರಿಸುವ ಆ್ಯಪ್‌ಗಳೂ ಇವೆ. ಫೋನನ್ನು ಸೀಟಿನ ಹಳಿಗೋ ಡ್ಯಾಶ್‌ಬೋರ್ಡಿಗೋ ಬಿಗಿಯಾಗಿ ಕಟ್ಟಬೇಕು; ಜೇಬಿನಲ್ಲಿಟ್ಟರೆ ನಿಮ್ಮ ಮೈಯ ಅಲುಗಾಟವೂ ಸೇರುತ್ತದೆ. ಸೆಕೆಂಡಿಗೆ ನೂರು ಸಲ ಅಳೆಯುವ ಫೋನು ಐವತ್ತರವರೆಗಿನ ನಡುಕವನ್ನು ಮಾತ್ರ ಸರಿಯಾಗಿ ತೋರಿಸಬಲ್ಲದು, ಅದಕ್ಕಿಂತ ಮೇಲಿನದು ತಪ್ಪು ಅಂಕಿಯ ವೇಷದಲ್ಲಿ ಕಾಣಿಸಿಕೊಳ್ಳುತ್ತದೆ ಎಂಬುದೂ ನೆನಪಿರಲಿ. ಇನ್ನೊಂದು ಎಚ್ಚರಿಕೆ: ಟೈರಿನ ಅಳತೆ ಬದಲಾದ ಗಾಡಿಯಲ್ಲಿ ಸ್ಪೀಡೋಮೀಟರನ್ನು ನಂಬಿ ಲೆಕ್ಕ ಹಾಕಬಾರದು. ಜಿಪಿಎಸ್ ತೋರಿಸುವ ವೇಗವನ್ನೇ ಹಿಡಿಯಬೇಕು, ಹೊಸ ಟೈರಿನ ಸುತ್ತಳತೆಯನ್ನೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಫೋನೂ ಬೇಡವೆನ್ನುವವರಿಗೆ ಮೂರು ಪರೀಕ್ಷೆಗಳಿವೆ. ನಿಂತ ಗಾಡಿಯಲ್ಲಿ ಗೇರು ನ್ಯೂಟ್ರಲ್‌ನಲ್ಲಿಟ್ಟು ಎಂಜಿನ್ನನ್ನು ನಿಧಾನವಾಗಿ ಏರಿಸಿ ನೋಡುವುದು ಮೊದಲನೆಯದು. ಅಲ್ಲೇ ನಡುಕ ಬಂದರೆ ಚಕ್ರ, ಟೈರು, ಬ್ರೇಕುಗಳೆಲ್ಲ ಒಟ್ಟಿಗೆ ಪಾರಾದವು. ಎರಡನೆಯದು, ನಡುಕ ಬರುವ ವೇಗದಲ್ಲಿ ಗೇರು ಬದಲಿಸಿ ಅದೇ ವೇಗ ಕಾಯ್ದುಕೊಳ್ಳುವುದು. ಐದನೇ ಗೇರಿನಿಂದ ನಾಲ್ಕಕ್ಕೆ ಇಳಿಸಿದಾಗ ಎಂಜಿನ್ನಿನ ಸುತ್ತು ಏರುತ್ತದೆ, ಚಕ್ರದ ಸುತ್ತು ಏರುವುದಿಲ್ಲ. ನಡುಕದ ಸ್ವಭಾವ ಬದಲಾಗದಿದ್ದರೆ ಅದು ಗೇರ್‌ಬಾಕ್ಸಿನಿಂದ ಈಚೆ, ರಸ್ತೆಯ ಕಡೆಗಿದೆ. ಮೂರನೆಯದು, ಅದೇ ವೇಗದಲ್ಲಿ ಆಕ್ಸಿಲರೇಟರಿನಿಂದ ಕಾಲು ತೆಗೆದು, ಗೇರು ನ್ಯೂಟ್ರಲ್ ಮಾಡಿ ಗಾಡಿಯನ್ನು ತಾನಾಗಿ ಉರುಳಲು ಬಿಡುವುದು. ಆಗಲೂ ನಡುಕ ಉಳಿದರೆ ಚಕ್ರ, ಟೈರು, ಚಕ್ರ ಕೂರುವ ಹಬ್ಬಿನ ಕಡೆ ನೋಡಬೇಕು. ಎಳೆತ ನಿಂತ ಕ್ಷಣ ಮಾಯವಾದರೆ ಶಕ್ತಿ ಸಾಗಿಸುವ ಶಾಫ್ಟು, ಜಾಯಿಂಟು, ಮೌಂಟಿಂಗುಗಳ ಕಡೆ. ಬ್ರೇಕ್ ಒತ್ತಿದಾಗ ಮಾತ್ರ ಬರುವ ನಡುಕಕ್ಕೆ ಡಿಸ್ಕಿನ ದಪ್ಪದಲ್ಲಿ ಮಿಲಿಮೀಟರಿನ ನೂರನೇ ಒಂದೆರಡು ಪಾಲಿನ ಏರುಪೇರಿದ್ದರೂ ಸಾಕು. ಈ ಪರೀಕ್ಷೆಗಳನ್ನು ಖಾಲಿಯಾದ ನೇರ ರಸ್ತೆಯಲ್ಲಿ, ಪಕ್ಕದಲ್ಲಿ ಬರೆದುಕೊಳ್ಳಲು ಒಬ್ಬರನ್ನು ಕೂರಿಸಿಕೊಂಡು ಮಾಡಬೇಕು. ಓಡುತ್ತಿರುವಾಗ ಕೀ ತಿರುಗಿಸಿ ಎಂಜಿನ್ ಆರಿಸುವ ಸಾಹಸ ಮಾತ್ರ ಬೇಡ. ಸ್ಟೀರಿಂಗ್ ಬಿಗಿಯಾಗುತ್ತದೆ, ಬ್ರೇಕಿಗೆ ಸಿಗುವ ಸಹಾಯವೂ ಹೋಗುತ್ತದೆ.

ಇಲ್ಲಿ ಒಂದು ಗೊಂದಲ ಬಗೆಹರಿಯಬೇಕು. ಬಹಳ ಮಂದಿ ಹೇಳುವುದುಂಟು: ಎಂಬತ್ತರಿಂದ ತೊಂಬತ್ತೈದರವರೆಗೆ ನಡುಗುತ್ತದೆ, ನೂರು ದಾಟಿದರೆ ನಿಲ್ಲುತ್ತದೆ, ಹಾಗಾದರೆ ಚಕ್ರದ ದೋಷ ಹೇಗಾದೀತು, ವೇಗ ಹೆಚ್ಚಿದರೆ ದೋಷವೂ ಹೆಚ್ಚಬೇಕಲ್ಲವೆ ಎಂದು. ಪ್ರಶ್ನೆ ಸರಿಯಾಗಿದೆ. ಉತ್ತರ ಅನುರಣನದಲ್ಲಿದೆ. ಅರ್ಧ ತುಂಬಿದ ಕೊಡ ಹೊತ್ತು ನಡೆಯುವವರಿಗೆ ಇದು ಗೊತ್ತು: ಒಂದು ನಡಿಗೆಯಲ್ಲಿ ನೀರು ವಿಪರೀತ ತುಳುಕುತ್ತದೆ, ಹೆಜ್ಜೆಯ ಲಯ ಬದಲಿಸಿದರೆ ತುಳುಕು ತಗ್ಗುತ್ತದೆ. ಕಾರಿನ ಚಕ್ರ, ಹಬ್ಬು, ಸಸ್ಪೆನ್ಷನ್ ಎಲ್ಲ ಸೇರಿದ ಭಾರಕ್ಕೂ ಹೀಗೆ ತನ್ನದೇ ಲಯವಿದೆ. ಸಾಮಾನ್ಯ ಕಾರುಗಳಲ್ಲಿ ಅದು ಸೆಕೆಂಡಿಗೆ 10ರಿಂದ 15ರ ನಡುವೆ ಬರುತ್ತದೆ. ಆಗ ನೋಡಿದ ಲೆಕ್ಕದ ಪ್ರಕಾರ ಎಂಬತ್ತು, ತೊಂಬತ್ತರ ವೇಗದಲ್ಲಿ ಚಕ್ರದ ಸುತ್ತೂ ಅಲ್ಲಿಗೇ ಬಂದು ಕೂಡುತ್ತದೆ. ಒದೆತ ಮೊದಲಿನಿಂದಲೂ ಇತ್ತು. ಆ ವೇಗದಲ್ಲಿ ಗಾಡಿ ಅದಕ್ಕೆ ಓಗೊಟ್ಟಿತು. ಮಾರ್ಪಾಡು ಮಾಡಿದಾಗ ಈ ಲಯವೂ ಸರಿಯುತ್ತದೆ. ಭಾರದ ಚಕ್ರ ಹಾಕಿದರೆ ಲಯ ಕೆಳಗಿಳಿಯುತ್ತದೆ, ಗಟ್ಟಿ ಬುಷ್ ಹಾಕಿದರೆ ಮೇಲೇರುತ್ತದೆ. ಮೊದಲು ಯಾರಿಗೂ ತಿಳಿಯದಂತಿದ್ದ ಸಣ್ಣ ದೋಷ, ನೀವು ದಿನವೂ ಓಡಿಸುವ ವೇಗಕ್ಕೆ ಬಂದು ನಿಲ್ಲಬಹುದು. ಭಾಗ ಬದಲಿಸಿದ ಮೇಲೆ ನಡುಕ ಎಂಬತ್ತರಿಂದ ತೊಂಬತ್ತಕ್ಕೆ ಜರುಗಿತೆಂದರೆ ಅದು ಗುಣವಾದದ್ದಲ್ಲ, ಜಾಗ ಬದಲಿಸಿದ್ದು.

ಈಗ ಹೊಂದಾಣಿಕೆಯ ಮಾತಿಗೆ ಬರೋಣ. ಅಲಾಯ್ ವೀಲ್ ಬದಲಿಸಿದ ಕಾರನ್ನೇ ತೆಗೆದುಕೊಳ್ಳಿ. ಕಂಪನಿಯ ಚಕ್ರದ ನಡುರಂಧ್ರ ಆ ಕಾರಿನ ಹಬ್ಬಿಗೆ ಅಳತೆ ಮಾಡಿ ಕೊರೆದದ್ದು. ಹಲವು ಮಾರುತಿ ಕಾರುಗಳಲ್ಲಿ ಅದು 54.1 ಮಿಲಿಮೀಟರ್, ಫೋಕ್ಸ್‌ವ್ಯಾಗನ್ ಪೋಲೊದಲ್ಲಿ 57.1. ಹೊರಗಿನಿಂದ ಕೊಳ್ಳುವ ಅಲಾಯ್ ಹಲವು ಕಂಪನಿಗಳ ಕಾರಿಗೂ ಹೊಂದಬೇಕು, ಅದಕ್ಕೇ ಅದರ ರಂಧ್ರವನ್ನು 73.1ರಂತೆ ದೊಡ್ಡದಾಗಿ ಬಿಟ್ಟಿರುತ್ತಾರೆ. ಆ ಮಾರುತಿಗಳಲ್ಲಿ ಹಬ್ಬಿಗೂ ಚಕ್ರಕ್ಕೂ ನಡುವೆ ಸುತ್ತಲೂ ಒಂಬತ್ತೂವರೆ ಮಿಲಿಮೀಟರ್ ಸಂದು. ಅದನ್ನು ತುಂಬಲು ಪ್ಲಾಸ್ಟಿಕ್ಕಿನ ಅಥವಾ ಅಲ್ಯೂಮಿನಿಯಮ್ಮಿನ ಬಳೆಯೊಂದನ್ನು ಕೂರಿಸಬೇಕು. ಆ ಬಳೆ ಬ್ರೇಕಿನ ಕಾವಿಗೆ ಬಿರಿಯಬಹುದು, ಪಂಕ್ಚರ್ ಹಾಕುವಾಗ ಕಳಚಿ ಬಿದ್ದಿರಬಹುದು, ಮೊದಲಿಗೇ ಹಾಕದೆಯೂ ಇರಬಹುದು. ಆಗ ಚಕ್ರವನ್ನು ನಡುವಿಗೆ ತರುವ ಹೊಣೆಯೆಲ್ಲ ನಟ್ಟುಗಳ ಮೇಲೆ. ನಟ್ಟಿನ ತಲೆ ಶಂಕುವಿನಾಕಾರದ್ದೋ ಗೋಳಾಕಾರದ್ದೋ ಎಂಬುದೂ ಆಗ ಮುಖ್ಯವಾಗುತ್ತದೆ. ಹೋಂಡಾದ ಕಂಪನಿ ನಟ್ಟು ಗೋಳಾಕಾರದ್ದು, ಹೊರಗಿನ ಅಲಾಯ್‌ಗಳು ಹೆಚ್ಚಾಗಿ ಶಂಕುವನ್ನು ಬೇಡುತ್ತವೆ. ಒಂದರ ಜಾಗದಲ್ಲಿ ಇನ್ನೊಂದು ಬಿಗಿಯಾದಂತೆ ಕಂಡರೂ ಸರಿಯಾಗಿ ಕೂತಿರುವುದಿಲ್ಲ. ಗಾಡಿಯ ಭಾರ ಚಕ್ರದ ಮೇಲಿರುವಾಗಲೇ ಗಾಳಿಯ ಗನ್ನಿನಿಂದ ಒಂದು ನಟ್ಟನ್ನು ಪೂರ್ತಿ ಬಿಗಿದರೆ ಚಕ್ರ ಅರ್ಧ ಮಿಲಿಮೀಟರ್ ಪಕ್ಕಕ್ಕೆ ಕೂರುವುದು ಕಷ್ಟವೇನಲ್ಲ.

ಅರ್ಧ ಮಿಲಿಮೀಟರ್ ಯಾವ ಲೆಕ್ಕ ಎನ್ನಬೇಡಿ, ಅದಕ್ಕೂ ಲೆಕ್ಕವಿದೆ. ಟೈರು ಸೇರಿ 16 ಕಿಲೋ ತೂಗುವ ಚಕ್ರ ಅರ್ಧ ಮಿಲಿಮೀಟರ್ ಆಚೆ ಕೂತರೆ, ರಿಮ್ಮಿನ ಅಂಚಿಗೆ ಸುಮಾರು 42 ಗ್ರಾಂ ಸೀಸ ಅಂಟಿಸಿದಷ್ಟೇ ಅಸಮತೋಲ. ಮೂವತ್ತು ಗ್ರಾಂ ಅಸಮತೋಲವೇ ಗಂಟೆಗೆ 100 ಕಿಲೋಮೀಟರಿನಲ್ಲಿ ಹತ್ತಿರ ಹತ್ತಿರ 5 ಕಿಲೋ ಭಾರದ ಒದೆತವಾಗುತ್ತದೆ. 50ರಲ್ಲಿ ಅದರ ಕಾಲು ಭಾಗ, ಏಕೆಂದರೆ ಈ ಬಲ ವೇಗದ ವರ್ಗದಂತೆ ಏರುತ್ತದೆ. ಇಷ್ಟಕ್ಕೇ ಮುಗಿಯಲಿಲ್ಲ. ನಡು ತಪ್ಪಿದ ಚಕ್ರದ ಟೈರು ಪ್ರತಿ ಸುತ್ತಿಗೂ ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ ಅದುಮಿಸಿಕೊಳ್ಳುತ್ತದೆ. ಸಾಮಾನ್ಯ ಕಾರಿನ ಟೈರನ್ನು ಒಂದು ಮಿಲಿಮೀಟರ್ ಅದುಮಲು ಸುಮಾರು 20 ಕಿಲೋ ಭಾರ ಬೇಕು. ಅರ್ಧ ಮಿಲಿಮೀಟರಿಗೆ 10 ಕಿಲೋ. ಈ ಒದೆತ ಸೀಸದ ತುಂಡು ಅಂಟಿಸಿದರೆ ಹೋಗುವಂಥದ್ದೂ ಅಲ್ಲ.

ಇಲ್ಲಿ ಬರುವ ದೊಡ್ಡ ಆಕ್ಷೇಪ ಬ್ಯಾಲೆನ್ಸಿಂಗ್ ಅಂಗಡಿಯದು. ನಾಲ್ಕೂ ಚಕ್ರಕ್ಕೆ ಯಂತ್ರ ಸೊನ್ನೆ ತೋರಿಸಿದೆ, ನೀವೇ ನೋಡಿ ಎನ್ನುತ್ತಾರೆ. ಯಂತ್ರ ಸುಳ್ಳು ಹೇಳುತ್ತಿಲ್ಲ. ಆದರೆ ಯಂತ್ರದ ಮೇಲೆ ಚಕ್ರವನ್ನು ನಡುವಿಗೆ ತರುವುದು ಯಂತ್ರದ ಶಂಕು. ಕಾರಿನ ಮೇಲೆ ತರುವುದು ಕಾರಿನ ಹಬ್ಬು ಮತ್ತು ನಟ್ಟುಗಳು. ಯಂತ್ರ ಕೊಟ್ಟ ಸೊನ್ನೆ ಯಂತ್ರದ ಅಚ್ಚಿಗೆ ಸಂದದ್ದು. ಆದ್ದರಿಂದ ಮಾರ್ಪಾಡಾದ ಕಾರಿನಲ್ಲಿ ಆ ಸೊನ್ನೆಯಿಂದ ಚಕ್ರ ಖುಲಾಸೆಯಾಗುವುದಿಲ್ಲ. ಖಚಿತಪಡಿಸಿಕೊಳ್ಳುವ ದಾರಿ ಸರಳವಾಗಿದೆ. ಗಾಡಿಯನ್ನು ಜಾಕಿನ ಮೇಲೆತ್ತಿ ಸ್ಟ್ಯಾಂಡಿಗೆ ಕೂರಿಸಿ, ಡಯಲ್ ಗೇಜನ್ನು ರಿಮ್ಮಿಗೆ ತಾಗಿಸಿ ಚಕ್ರವನ್ನು ಕೈಯಿಂದ ನಿಧಾನವಾಗಿ ತಿರುಗಿಸಿದರೆ ಮುಳ್ಳು ಎಷ್ಟು ಓಲಾಡುತ್ತದೆಂಬುದು ಕಾಣುತ್ತದೆ. ಗೇಜಿಲ್ಲದಿದ್ದರೆ, ಎರವಲಾಗಿಯಾದರೂ ನಾಲ್ಕು ಕಂಪನಿ ಚಕ್ರ ಹಾಕಿ ಅದೇ ರಸ್ತೆಯಲ್ಲಿ ಒಮ್ಮೆ ಓಡಿಸಬೇಕು. ನಡುಕ ಹೋದರೆ ಬುಷ್, ಬೇರಿಂಗುಗಳಿಗೆ ಒಂದು ರೂಪಾಯಿಯನ್ನೂ ಸುರಿಯದೆ ಉತ್ತರ ಸಿಕ್ಕಿತು.

ತೋಟದ ಜೀಪು, ಜಿಪ್ಸಿಗಳ ಕಥೆ ಬೇರೆ, ತತ್ತ್ವ ಒಂದೇ. ಅಲ್ಲಿ ಗೇರಿನ ಕಡೆಯಿಂದ ಹಿಂದಿನ ಆ್ಯಕ್ಸಲಿಗೆ ಶಕ್ತಿ ಒಯ್ಯುವುದು ಪ್ರೊಪೆಲ್ಲರ್ ಶಾಫ್ಟು. ಅದರ ಎರಡೂ ತುದಿಗೆ ಒಂದೊಂದು ಯೂನಿವರ್ಸಲ್ ಜಾಯಿಂಟು, ಗ್ಯಾರೇಜಿನ ಮಾತಿನಲ್ಲಿ ಕ್ರಾಸ್. ಈ ಜಾಯಿಂಟಿಗೆ ಹದಿನೇಳನೇ ಶತಮಾನದ ವಿಜ್ಞಾನಿ ರಾಬರ್ಟ್ ಹುಕ್‌ನ ಹೆಸರೂ ಉಂಟು. ಅದರದೊಂದು ಹುಟ್ಟುಗುಣವಿದೆ: ಬಾಗಿ ತಿರುಗುವಾಗ, ಒಳಗೆ ಬಂದ ವೇಗ ಸಮನಾಗಿದ್ದರೂ ಹೊರಹೋಗುವ ವೇಗ ಒಂದು ಸುತ್ತಿಗೆ ಎರಡು ಸಲ ಏರಿ ಎರಡು ಸಲ ಇಳಿಯುತ್ತದೆ. ಬಾಗು 3 ಡಿಗ್ರಿ ಇದ್ದಾಗ ಈ ಏರಿಳಿತ ಸಾವಿರಕ್ಕೆ ಒಂದೂವರೆ ಪಾಲನ್ನೂ ಮುಟ್ಟುವುದಿಲ್ಲ. 10 ಡಿಗ್ರಿಯಾದರೆ ನೂರಕ್ಕೆ ಒಂದೂವರೆ, ಅಂದರೆ ಹತ್ತು ಪಟ್ಟಿಗೂ ಮೇಲೆ. ಇನ್ನೊಂದು ತುದಿಯ ಜಾಯಿಂಟು ಅಷ್ಟೇ ಕೋನದಲ್ಲಿದ್ದರೆ, ಶಾಫ್ಟಿನ ಎರಡು ತುದಿಯ ಕವಲುಗಳು, ಅಂದರೆ ನೊಗಗಳು, ಒಂದೇ ಸಮತಲದಲ್ಲಿದ್ದರೆ, ಮೊದಲನೆಯದರ ಏರಿಳಿತವನ್ನು ಎರಡನೆಯದು ಅಳಿಸಿಹಾಕುತ್ತದೆ. ಕಂಪನಿಯವರು ಈ ಸಮವನ್ನು ಲೆಕ್ಕ ಹಾಕಿಯೇ ಕೂರಿಸಿರುತ್ತಾರೆ. ಗಾಡಿಯನ್ನು ನಾಲ್ಕಿಂಚು ಎತ್ತಿದಾಗ ಕೋನ ಹಿಗ್ಗುತ್ತದೆ; ಲೀಫ್ ಸ್ಪ್ರಿಂಗಿನಡಿ ಬೆಣೆ ಕೊಟ್ಟು ಆ್ಯಕ್ಸಲನ್ನು ವಾಲಿಸಿದಾಗ ಎರಡು ಕೋನಗಳ ಸಮ ತಪ್ಪುತ್ತದೆ; ಶಾಫ್ಟು ಗಿಡ್ಡವಾಯಿತೆಂದು ಕತ್ತರಿಸಿ ಬೆಸುಗೆ ಹಾಕಿ ಉದ್ದ ಮಾಡಿದಾಗ ನೊಗಗಳು ಸೊಟ್ಟಗಾಗಬಹುದು; ಜಾರುವ ತುದಿಯನ್ನು ಕಳಚಿ ಒಂದು ಹಲ್ಲು ತಪ್ಪಿಸಿ ಸೇರಿಸಿದರೂ ಅದೇ ಫಲ.

ಈ ದೋಷ ಎಣಿಕೆಯಲ್ಲಿ ಹೇಗೆ ಸಿಕ್ಕಿಬೀಳುತ್ತದೆ ನೋಡಿ. ಮೂವತ್ತು ಇಂಚಿನ ಟೈರು ಗಂಟೆಗೆ 60 ಕಿಲೋಮೀಟರಿನಲ್ಲಿ ಸೆಕೆಂಡಿಗೆ ಸುಮಾರು 7 ಸುತ್ತು ಹಾಕುತ್ತದೆ. ಆ್ಯಕ್ಸಲಿನ ಅನುಪಾತ ನಾಲ್ಕಕ್ಕೆ ಒಂದಾದರೆ ಶಾಫ್ಟಿನದು 28. ನಡುಕ 7 ಆದರೆ ಟೈರು ಅಥವಾ ರಿಮ್ಮು. 28 ಆದರೆ ಶಾಫ್ಟೇ ಬಾಗಿದೆ ಅಥವಾ ಅದರ ಸಮತೋಲ ತಪ್ಪಿದೆ. 56 ಆದರೆ, ಒಂದು ಸುತ್ತಿಗೆ ಎರಡು ಏಟು, ಅಂದರೆ ಜಾಯಿಂಟಿನ ಕೋನ. ಮೂರನೆಯ ಸಂದರ್ಭದಲ್ಲಿ ಎಷ್ಟು ಒಳ್ಳೆಯ ಹೊಸ ಕ್ರಾಸ್ ಹಾಕಿದರೂ ನಡುಕ ಹೋಗದು. ಹಳೆಯ ಕ್ರಾಸ್ ಕೆಟ್ಟಿರಲಿಲ್ಲ, ಅದನ್ನು ಕೂರಿಸಿದ ಕೋನ ಕೆಟ್ಟಿತ್ತು. ಐವತ್ತಾರರ ಸದ್ದು ಕೇಳಿ ಟೈರು ಬದಲಿಸುವವರಿಗೆ ಹೋಗುವ ದುಡ್ಡು ಎಷ್ಟೆಂಬುದನ್ನು ದಪ್ಪ ಟೈರಿನ ಬೆಲೆ ತಿಳಿದವರು ಊಹಿಸಬಲ್ಲರು.

ಕೆಲವು ಸಲ ನಡುಕ ಹೊಸದಾಗಿ ಹುಟ್ಟಿರುವುದೇ ಇಲ್ಲ. ಎಂಜಿನ್ನಿನ ರಬ್ಬರ್ ಮೌಂಟಿಂಗ್ ತೆಗೆದು ಪಾಲಿಯುರಿಥೇನ್ ಹಾಕಿಸುವವರಿದ್ದಾರೆ. ಗೇರು ಬದಲಿಸುವಾಗ ಎಂಜಿನ್ ಕಡಿಮೆ ಓಲಾಡಲಿ ಎಂಬುದು ಉದ್ದೇಶ. ನಾಲ್ಕು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 800 ಸುತ್ತಿನಲ್ಲಿ ನಿಂತು ಓಡುವಾಗ ಅದರ ಮಿಡಿತ ಸೆಕೆಂಡಿಗೆ 27ರ ಸುಮಾರು. ರಬ್ಬರ್ ಅದನ್ನು ತಡೆಹಿಡಿದಿತ್ತು, ಗಟ್ಟಿ ಮೌಂಟಿಂಗ್ ಸೀಟಿನವರೆಗೆ ಬಿಟ್ಟಿತು. ಸೈಲೆನ್ಸರ್ ಬದಲಿಸಿದಾಗ ಅದರ ಕೊಳವೆ ತಳಕ್ಕೆ ತಾಗಿದರೂ ಹೀಗೇ ಆಗುತ್ತದೆ. ಇಲ್ಲಿ ಸಿಗುವ ಎಣಿಕೆ ಎಂಜಿನ್ನಿನ ಸಹಜ ಮಿಡಿತದ್ದೇ. ಅಂಥಲ್ಲಿ ಎಂಜಿನ್ ಬಿಚ್ಚಿಸುವುದು ವ್ಯರ್ಥ. ನಡುಕ ಸಾಗಿಬರುವ ದಾರಿಯನ್ನು ಮುಚ್ಚಬೇಕು, ಇಲ್ಲವೆ ಮಾರ್ಪಾಡಿಗೆ ತೆರುವ ಬೆಲೆಯೆಂದು ಒಪ್ಪಿಕೊಳ್ಳಬೇಕು. ಮಾರ್ಪಾಡಾದ ಗಾಡಿ ನಡುಗಿದರೆ ನಡುಗಲಿ ಬಿಡಿ ಎನ್ನುವವರ ಮಾತಿಗೆ ಇಷ್ಟರಮಟ್ಟಿಗೆ ಬೆಲೆಯಿದೆ, ಇದಕ್ಕಿಂತ ಹೆಚ್ಚಿಲ್ಲ. ಒಳಪದರ ಬಿಟ್ಟುಕೊಂಡ ಟೈರೂ, ಸಡಿಲವಾಗುತ್ತಿರುವ ನಟ್ಟೂ, ಕಳಚಲಿರುವ ಕ್ರಾಸೂ ಮೊದಲು ನಡುಕದ ರೂಪದಲ್ಲಿಯೇ ಕಾಣಿಸಿಕೊಳ್ಳುತ್ತವೆ. ಸಹಿಸಿಕೊಳ್ಳಬಹುದೇ ಎಂಬುದನ್ನು ತೀರ್ಮಾನಿಸುವ ಮೊದಲು ಅದು ಯಾವುದೆಂದು ತಿಳಿದಿರಬೇಕಲ್ಲವೆ?

ಅನುಭವಿ ಮೆಕ್ಯಾನಿಕ್ಕು ಕೈಯಿಟ್ಟೇ ಹೇಳುತ್ತಾರೆ, ಈ ಲೆಕ್ಕವೆಲ್ಲ ಯಾಕೆ ಎಂಬ ಆಕ್ಷೇಪವೂ ಇದೆ. ಒಳ್ಳೆಯ ಮೆಕ್ಯಾನಿಕ್ಕಿನ ಕೈ ಮಾಡುವುದೂ ಎಣಿಕೆಯನ್ನೇ. ಇದು ಚಕ್ರದ ನಡುಕ, ಇದು ಶಾಫ್ಟಿನದು ಎಂದು ಅವರು ಹೇಳುವುದು ಅದರ ವೇಗ ಹಿಡಿದೇ. ಆದರೆ ಆ ಅನುಭವ ಬಂದದ್ದು ಒಂದೇ ಅಚ್ಚಿನ ನೂರಾರು ಗಾಡಿಗಳಿಂದ. ಈ ಮಾಡೆಲ್ಲಿಗೆ ಇಷ್ಟು ಓಡಿದ ಮೇಲೆ ಈ ಬುಷ್ ಹೋಗುತ್ತದೆ ಎಂಬ ತಿಳಿವಳಿಕೆ ಕಂಪನಿ ಗಾಡಿಯಲ್ಲಿ ನಿಜವಾಗುತ್ತದೆ. ಮಾರ್ಪಾಡಾದ ಗಾಡಿಗೆ ಅಂಥ ಜೊತೆಗಾರರಿಲ್ಲ. ಆ ಚಕ್ರ, ಆ ಸ್ಪ್ರಿಂಗು, ಆ ಮೌಂಟಿಂಗು ಮೂರೂ ಸೇರಿದ ಗಾಡಿ ಅದೊಂದೇ ಇರಬಹುದು. ರೂಢಿಯಿಂದ ಊಹಿಸುವುದು ಅಲ್ಲಿ ಕೈಕೊಡುತ್ತದೆ, ಅಳತೆ ಕೈಕೊಡುವುದಿಲ್ಲ.

ಭಾಗ ಬದಲಿಸುತ್ತ ಹೋದರೆ ಎಂದಾದರೂ ಸಿಕ್ಕೇ ಸಿಗುತ್ತದಲ್ಲ ಎಂಬುದು ಕೊನೆಯ ವಾದ. ಸಿಗದೆಯೂ ಹೋಗಬಹುದು. ಎರಡು ಚಕ್ರಗಳಲ್ಲಿ ಸಣ್ಣಪುಟ್ಟ ದೋಷವಿದ್ದಾಗ, ತಿರುವುಗಳಲ್ಲಿ ಹೊರಚಕ್ರ ಒಳಚಕ್ರಕ್ಕಿಂತ ಹೆಚ್ಚು ಸುತ್ತುವುದರಿಂದ ಎರಡರ ಒದೆತಗಳು ಒಮ್ಮೆ ಕೂಡುತ್ತವೆ, ಒಮ್ಮೆ ಒಂದನ್ನೊಂದು ಕಳೆಯುತ್ತವೆ. ನಡುಕ ಬಂದು ಹೋಗಿ ಆಡುತ್ತದೆ. ಅಂಥ ದಿನ ಭಾಗವೊಂದನ್ನು ಬದಲಿಸಿ ಹತ್ತು ಕಿಲೋಮೀಟರ್ ಓಡಿಸಿದರೆ ವಾಸಿಯಾದಂತೆ ಕಂಡು, ಮರುದಿನ ಮರುಕಳಿಸುತ್ತದೆ. ಒಂದೇ ಸಲ ಎರಡು ಮೂರು ಭಾಗ ಬದಲಿಸಿದವರಿಗಂತೂ ಯಾವುದರಿಂದ ಏನಾಯಿತೆಂದು ಹೇಳಲಾಗುವುದಿಲ್ಲ. ಒಂದು ಸಲಕ್ಕೆ ಒಂದೇ ಬದಲಾವಣೆ, ಅದರ ಹಿಂದೆ ಮುಂದೆ ಅದೇ ರಸ್ತೆಯಲ್ಲಿ, ಅದೇ ವೇಗದಲ್ಲಿ, ಟೈರಿನಲ್ಲಿ ಅದೇ ಗಾಳಿಯಿಟ್ಟು ಅಳತೆ: ಇಷ್ಟು ಕಟ್ಟುನಿಟ್ಟಿಲ್ಲದ ದುರಸ್ತಿಯನ್ನು ದುರಸ್ತಿಯೆನ್ನುವುದು ಕಷ್ಟ. ಹುಡುಕಾಟವನ್ನು ಕೊನೆಯದಾಗಿ ಮಾಡಿಸಿದ ಮಾರ್ಪಾಡಿನಿಂದ ಹಿಂದಕ್ಕೆ ನಡೆಸುವುದು ವಾಸಿ. ಅದಕ್ಕೆ ಮೊದಲು ಇಲ್ಲದ ನಡುಕ ಅದಾದ ಮೇಲೆ ಬಂದಿದ್ದರೆ ಮೊದಲ ಅನುಮಾನ ಅದರ ಮೇಲೆಯೇ.

ಮಾರ್ಪಾಡಿಗೆ ಕಾನೂನಿನ ಗೆರೆಯೂ ಉಂಟು. ನೋಂದಣಿ ಪತ್ರದಲ್ಲಿರುವ ತಯಾರಕರ ಮೂಲ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ಏನು ಬದಲಿಸಬಹುದೆಂದು ಆರ್‌ಟಿಒ ಕಚೇರಿಯಲ್ಲಿ ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು. ಆ ಗೆರೆಯೊಳಗೇ ಇದ್ದರೂ ನಿಮ್ಮ ಗಾಡಿ ನಡುಗುತ್ತಿದ್ದರೆ, ಗ್ಯಾರೇಜಿಗೆ ಹೋಗುವ ಮುನ್ನ ಒಂದು ಚೀಟಿಯಲ್ಲಿ ಇಷ್ಟನ್ನು ಬರೆದುಕೊಳ್ಳಿ: ಜಿಪಿಎಸ್ ಪ್ರಕಾರ ಯಾವ ವೇಗದಿಂದ ಯಾವ ವೇಗದವರೆಗೆ ಬರುತ್ತದೆ, ಆಗ ಎಂಜಿನ್ನಿನ ಸುತ್ತು ಎಷ್ಟು, ಗೇರು ಬದಲಿಸಿದರೆ, ನ್ಯೂಟ್ರಲ್ ಮಾಡಿದರೆ, ಬ್ರೇಕ್ ಒತ್ತಿದರೆ ಏನಾಗುತ್ತದೆ, ಕೈಗೆ ತಾಗುತ್ತದೋ ಸೀಟಿಗೋ ಕಿವಿಗೋ, ಯಾವ ಮಾರ್ಪಾಡಿನ ನಂತರ ಶುರುವಾಯಿತು. ಈ ಚೀಟಿಯನ್ನು ಓದಿ ಪ್ರಶ್ನೆ ಕೇಳುವ ಮೆಕ್ಯಾನಿಕ್ಕಿಗೆ ಗಾಡಿ ಒಪ್ಪಿಸಿ. ಓದದೆ ಭಾಗಗಳ ಪಟ್ಟಿ ಬರೆಯತೊಡಗಿದರೆ, ಕೀಯನ್ನು ವಾಪಸು ಇಸಿದುಕೊಳ್ಳಿ.